ಮೊದಲು ಅಡುಗೆಮನೆ, ಆಮೇಲೆ ಅಂಗಡಿ: ಜೀನಸಿನ ಖರ್ಚಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲ ಸುತ್ತಿನ ಮನೆಗಳ ಜಗಲಿಯಲ್ಲಿ, ನೆರೆಕೂಟದ ಸಭೆಗಳಲ್ಲಿ, ಮದುವೆಮನೆಯ ಅಡುಗೆ ಕೊಟ್ಟಿಗೆಯಲ್ಲಿ ಮತ್ತು ಆಗಾಗ ಬರುವ ಪತ್ರಗಳಲ್ಲಿ ಹೆಂಗಸರೂ ಈಚೆಗೆ ಕೆಲವು ಗಂಡಸರೂ ನನ್ನನ್ನು ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದವು ಮೊದಲು ಬರುತ್ತವೆ, ತಲೆ ಕೆಡಿಸುವಂಥವು ಕೊನೆಗೆ. ಬೇಕಾದ ಪ್ರಶ್ನೆಯೊಂದನ್ನೇ ಓದಿಕೊಂಡರೂ ಸಾಕಾಗುವಂತೆ ಉತ್ತರಗಳನ್ನು ಬರೆದಿದ್ದೇನೆ.

## ಶುರುಮಾಡುವ ಮೊದಲು

"ಮನೆಯಲ್ಲಿ ಇರುವುದನ್ನೇ ಬಳಸಿ ಅಂತೀರಿ. ನಮ್ಮ ಮನೆಯಲ್ಲಿ ಇರುವುದಾದರೂ ಏನು ಮಹಾ?"

ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಪಾಟಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿ ನೆಲದಲ್ಲಿ ಸಾಲಾಗಿ ಇಟ್ಟಾಗ ಸಿಕ್ಕಿದ್ದು ಇಷ್ಟು: ಬಾಯಿ ತೆರೆದ ಮೂರು ಪೊಟ್ಟಣ ಸಾಸಿವೆ, ಎರಡು ಕಡೆ ಹಂಚಿಹೋದ ಒಂದು ಕಿಲೋದಷ್ಟು ಹೆಸರುಕಾಳು, ಯಾರೋ ಪಾಯಸಕ್ಕೆಂದು ತಂದು ಮರೆತ ಶ್ಯಾವಿಗೆ, ಅರ್ಧ ಕಿಲೋ ರಾಗಿಹುಡಿ, ಹಿಂದಿನ ವಿಷುವಿನ ಬೆಲ್ಲದ ಎರಡು ಅಚ್ಚು ಮತ್ತು ಅಟ್ಟದ ಮೂಲೆಯ ಭರಣಿಯಲ್ಲಿ ಮುಕ್ಕಾಲು ಪಾಲು ಉಪ್ಪು ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ). ಅದರ ಹಿಂದಿನ ದಿನವಷ್ಟೇ ನಾನು ಅಂಗಡಿಯಿಂದ ಹೆಸರುಕಾಳೂ ಸಾಸಿವೆಯೂ ತಂದಿದ್ದೆ. ಸಾಸಿವೆಯ ಮೂರನೆಯ ಪೊಟ್ಟಣ ಅದೇ.

ಹಾಗಾಗಿ ಮೊದಲ ಕೆಲಸ ಲೆಕ್ಕ ತೆಗೆಯುವುದು. ಇದಕ್ಕೆ ಒಂದು ಮಧ್ಯಾಹ್ನ ಬೇಕು, ಅದಕ್ಕಿಂತ ಹೆಚ್ಚಿನದೇನೂ ಬೇಡ. ಒಂದೇ ಬಗೆಯ ಕಾಳು ಎರಡು ಡಬ್ಬದಲ್ಲಿದ್ದರೆ ಒಂದಕ್ಕೆ ಸೇರಿಸಿ, ಆದರೆ ಹಳೆಯದನ್ನು ಮೇಲೆ ಹಾಕಿ, ಏಕೆಂದರೆ ಹೊಸದು ಮೇಲೆ ಬಿದ್ದರೆ ತಳದ್ದು ತಳದಲ್ಲೇ ಉಳಿದು ಮುಂದಿನ ವರ್ಷ ಹುಳುವಿನ ಪಾಲಾಗುತ್ತದೆ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಏನೇನು ಎಷ್ಟೆಷ್ಟು ಇದೆಯೆಂದು ಬರೆದು ಬಾಗಿಲ ಒಳಗಡೆ ಅಂಟಿಸಿದರೆ ಮನೆಯ ಎಲ್ಲರಿಗೂ ಕಾಣುತ್ತದೆ.

"ಚೀಟಿ ಬರೆದುಕೊಂಡೇ ಅಂಗಡಿಗೆ ಹೋಗುತ್ತೇನೆ. ಆದರೂ ದುಡ್ಡು ಯಾಕೆ ಉಳಿಯುವುದಿಲ್ಲ?"

ಚೀಟಿಯನ್ನು ಎಲ್ಲಿ ಕೂತು ಬರೆದಿರಿ ಎಂಬುದರ ಮೇಲೆ ಅದು ನಿಂತಿದೆ. ಜಗಲಿಯಲ್ಲಿ ಕೂತು ನೆನಪಿನಿಂದ ಬರೆದ ಚೀಟಿಯಲ್ಲಿ ಪ್ರತಿ ಸಲವೂ ಅದೇ ಹದಿನೈದು ಸಾಮಾನು ಇರುತ್ತದೆ. ಡಬ್ಬದ ಮುಚ್ಚಳ ತೆಗೆದು ನೋಡಿ ಬರೆದ ಚೀಟಿಯಲ್ಲಿ ಏಳೋ ಎಂಟೋ ಇರುತ್ತದೆ. ಇನ್ನೊಂದು ಕ್ರಮವೂ ಇದೆ: ನಾವು ಸಾಮಾನ್ಯವಾಗಿ ಏನು ಅಡುಗೆ ಮಾಡಬೇಕೆಂದು ನಿಶ್ಚಯಿಸಿ ಅದಕ್ಕೆ ಬೇಕಾದದ್ದನ್ನು ತರುತ್ತೇವೆ. ಅದನ್ನು ಮಗುಚಿಹಾಕಿ, ಇರುವುದೇನು ಎಂದು ನೋಡಿ, ಅದರಿಂದ ಏನು ಮಾಡಬಹುದೆಂದು ಯೋಚಿಸಿ, ಕೊರತೆಯಾದ ಒಂದೆರಡನ್ನು ಮಾತ್ರ ತರಬೇಕು. ಮನೆಯಲ್ಲಿ ಮಂಗಳೂರು ಸೌತೆಯೂ ಹುಳಿ ಮಜ್ಜಿಗೆಯೂ ಇರುವ ದಿನ ಬೀನ್ಸು ತರಲು ಹೋಗುವುದು ಹವ್ಯಾಸವೇ ಹೊರತು ಅಗತ್ಯವಲ್ಲ.

"ಇದರಿಂದ ನಿಜವಾಗಿ ಎಷ್ಟು ಉಳಿಯುತ್ತದೆ, ಹೇಳಿ ನೋಡುವಾ."

ನನ್ನ ಮನೆಯ ಲೆಕ್ಕ ನಿಮ್ಮ ಮನೆಗೆ ಹೊಂದಲಾರದು, ಆದರೆ ಲೆಕ್ಕ ಹಾಕುವ ದಾರಿ ಹೇಳಬಲ್ಲೆ. ಒಂದು ವಾರ ಎಸೆದದ್ದನ್ನೆಲ್ಲ ಬರೆದಿಟ್ಟೆ: ಕೊಳೆತ ಅರ್ಧ ಕಟ್ಟು ಹರಿವೆ, ಮೆತ್ತಗಾದ ಮೂರು ಟೊಮೆಟೊ, ಒಂದು ಹೋಳು ತೆಂಗಿನಕಾಯಿ, ಎರಡು ಲೋಟ ಹುಳಿ ಬಂದ ದೋಸೆ ಹಿಟ್ಟು, ಬ್ರೆಡ್ಡಿನ ಐದು ತುಂಡು, ಮೂರು ಸೌಟು ಸಾಂಬಾರು. ಕೊಂಡ ಬೆಲೆಯಲ್ಲಿ ಕೂಡಿಸಿದಾಗ 140 ರೂಪಾಯಿಯ ಹತ್ತಿರ ಬಂತು. ಪ್ರತಿ ವಾರವೂ ಹೀಗೆಯೇ ಇದ್ದರೆ ವರ್ಷಕ್ಕೆ 7,280 ರೂಪಾಯಿ. ನಾಲ್ಕು ಜನರ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇದು ನನ್ನೊಬ್ಬಳ ಮನೆಯ ಕಥೆಯೂ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಬಳಕೆದಾರರಿಗೆ ದೊರೆತ ಆಹಾರದಲ್ಲಿ ಶೇಕಡಾ 19ರಷ್ಟು ವ್ಯರ್ಥವಾಗಿತ್ತು, ಮತ್ತು ಆ ವ್ಯರ್ಥದಲ್ಲಿ ಶೇಕಡಾ 60ರಷ್ಟು ನಡೆದದ್ದು ಮನೆಗಳಲ್ಲಿ. ಹೋಟೆಲು, ಮದುವೆಮನೆಗಳನ್ನು ಬೈಯುವ ನಮಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿ.

"ಎಲ್ಲವೂ ಒಟ್ಟಿಗೆ ಇದೆ. ಯಾವುದನ್ನು ಮೊದಲು ಮುಗಿಸಬೇಕು?"

ಯಾವುದು ಮೊದಲು ಸಾಯುತ್ತದೋ ಅದನ್ನು. ಬಸಳೆ, ಹರಿವೆ, ನುಗ್ಗೆಸೊಪ್ಪು, ಒಂದೆಲಗ ಎಲ್ಲ ಕೊಯ್ದ ದಿನ ಅಥವಾ ಮರುದಿನ ಮುಗಿಯಬೇಕು. ಬೆಂಡೆ, ಅಲಸಂಡೆ, ಬದನೆಗೆ ಮೂರು ನಾಲ್ಕು ದಿನದ ಆಯುಷ್ಯವಿದೆ. ಬಾಳೆಕಾಯಿ ಹಣ್ಣಾಗುವ ತನಕ ಕಾಯುತ್ತದೆ, ಆಮೇಲೆ ಕಾಯುವುದಿಲ್ಲ. ಚೆನ್ನಾಗಿ ಬಲಿತ ಮಂಗಳೂರು ಸೌತೆ, ಬೂದುಗುಂಬಳ, ಸುವರ್ಣಗೆಡ್ಡೆಗಳು ತಿಂಗಳುಗಟ್ಟಲೆ ಇರುವಂಥವು. ಹಿಂದೆ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗಹಾಕುತ್ತಿದ್ದದ್ದು ಚಂದಕ್ಕಲ್ಲ, ಒಂದಕ್ಕೊಂದು ತಾಗದೆ ಗಾಳಿಯಾಡುತ್ತಿದ್ದರೆ ಕೊಳೆಯುವುದಿಲ್ಲ ಎಂಬುದಕ್ಕೆ. ಸಂತೆಯಿಂದ ಬಂದ ದಿನ ಹುಮ್ಮಸ್ಸಿನಲ್ಲಿ ಸೌತೆಕಾಯಿ ಹುಳಿ ಮಾಡಿ ಸೊಪ್ಪನ್ನು ನಾಳೆಗಿಟ್ಟರೆ ಲೆಕ್ಕ ತಪ್ಪಿತೆಂದೇ ಅರ್ಥ.

ಇಡುವ ಜಾಗದಲ್ಲೂ ಎರಡು ತಪ್ಪುಗಳು ಸಾಮಾನ್ಯ. ಮಾಗಿದ ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುವುದರಿಂದ ಅದರ ಹತ್ತಿರವಿರುವ ತರಕಾರಿ ಬೇಗ ಹಣ್ಣಾಗಿ ಹಾಳಾಗುತ್ತದೆ. ಬಟಾಟೆ ಮತ್ತು ನೀರುಳ್ಳಿಯನ್ನು ಒಂದೇ ಬುಟ್ಟಿಯಲ್ಲಿ ತುಂಬಿದರೆ ಬಟಾಟೆ ಮೊಳಕೆಯೊಡೆಯುತ್ತದೆ. ಬೇರೆ ಬೇರೆ ಬುಟ್ಟಿಗೆ ಖರ್ಚೇನೂ ಇಲ್ಲ.

## ಪಾತ್ರೆಯಲ್ಲಿ ಉಳಿದದ್ದು

"ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ತಿನ್ನಬಹುದಾ? ನಮ್ಮ ಅಜ್ಜಿ ತಂಗಳನ್ನ ತಿಂದೇ ತೊಂಬತ್ತು ದಾಟಿದ್ದರು."

ಅಜ್ಜಿಯ ತಂಗಳನ್ನವೂ ನಾವು ಮರೆತು ಬಿಟ್ಟ ಅನ್ನವೂ ಒಂದೇ ಅಲ್ಲ. ಅವರು ರಾತ್ರಿ ಊಟ ಮುಗಿದ ಕೂಡಲೇ ಕುಚ್ಚಲಕ್ಕಿ ಅನ್ನ ಮುಳುಗುವಷ್ಟು ನೀರು ಹಾಕಿ ಮಣ್ಣಿನ ಪಾತ್ರೆಯಲ್ಲಿ ಇಡುತ್ತಿದ್ದರು. ರಾತ್ರಿಯಿಡೀ ಅದು ಹುಳಿಯುತ್ತದೆ, ಆ ಹುಳಿಯೇ ಹಾನಿಕರ ಸೂಕ್ಷ್ಮಾಣುಗಳನ್ನು ಒಂದು ಮಟ್ಟಿಗೆ ತಡೆಯುತ್ತದೆ. ಬೆಳಿಗ್ಗೆ ಹಸಿಮೆಣಸು, ಉಪ್ಪು, ಮಜ್ಜಿಗೆ, ನೆಂಚಲು ಮಾವಿನ ಮಿಡಿ. ನಾವಾದರೋ ಅನ್ನವನ್ನು ಮುಚ್ಚಿದ ಕುಕ್ಕರಿನಲ್ಲೇ ಬಿಡುತ್ತೇವೆ. ಬೇಯಿಸಿದ ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬದುಕಿ ಉಳಿದಿರುತ್ತವೆ. ಅನ್ನ ಬೆಚ್ಚಗೆ ಬಹಳ ಹೊತ್ತು ಕೂತಾಗ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿಯಾಗುವುದು ಇದರಿಂದಲೇ.

ಆದ್ದರಿಂದ ಉಳಿಯುವ ಸೂಚನೆ ಕಂಡಾಗಲೇ ಅನ್ನವನ್ನು ಅಗಲ ಪಾತ್ರೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಎರಡು ಗಂಟೆಯೂ ಹೆಚ್ಚೇ. ಒಂದು ಲೋಟದಷ್ಟು ಉಳಿದ ಅನ್ನ ಮರುದಿನ ಅರೆಯುವ ನೀರುದೋಸೆ ಅಥವಾ ತೆಳ್ಳವಿನ ಅಕ್ಕಿಗೆ ಸೇರಿದರೆ ದೋಸೆ ಮೆತ್ತಗಾಗುತ್ತದೆ. ನನಗೆ ಚಿತ್ರಾನ್ನಕ್ಕಿಂತ ಇದೇ ಒಳ್ಳೆಯ ಉಪಾಯವೆನಿಸುತ್ತದೆ, ಏಕೆಂದರೆ ಚಿತ್ರಾನ್ನಕ್ಕೆ ಕಡಲೆಬೀಜ, ಎಣ್ಣೆ, ನಿಂಬೆಹಣ್ಣು ಹಾಕಿ ಹತ್ತು ರೂಪಾಯಿಯ ಅನ್ನವನ್ನು ಉಳಿಸಲು ಇಪ್ಪತ್ತು ರೂಪಾಯಿ ಖರ್ಚು ಮಾಡುತ್ತೇವೆ. ಕುಚ್ಚಲಕ್ಕಿ ಬಸಿದ ತೆಳಿಯನ್ನೂ ಚೆಲ್ಲಬೇಡಿ. ಉಪ್ಪು, ಒಂದು ಚೂರು ಬೆಲ್ಲ, ಹುಳಿ ಹಾಕಿ ಕುದಿಸಿ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ತೆಳಿಸಾರು.

"ಸಾಂಬಾರು ಎರಡು ಸೌಟು ಉಳಿದಿದೆ. ಯಾರಿಗೂ ಬೇಡ. ಏನು ಮಾಡಲಿ?"

ಎರಡು ಸೌಟು ಉಳಿಯದಂತೆ ಕಡಿಮೆ ಮಾಡುವುದೇ ಸರಿಯಾದ ಉತ್ತರ, ಆದರೆ ಉಳಿದೇಬಿಟ್ಟಿದ್ದರೆ ಕುದಿಸಿ ದಪ್ಪಗೆ ಬತ್ತಿಸಿ. ಹಿಂದಿನವರು ಇದೇ ಕೆಲಸವನ್ನು ಒಲೆಯ ಕೆಂಡದ ಮೇಲೆ ಮಾಡುತ್ತಿದ್ದರು. ಮೂರನೆಯ ದಿನ ಗೊಜ್ಜಿನಂತಾಗುವ ಆ ಹುಳಿಗೆ ಗಂಜಿಯ ಜೊತೆ ಎಷ್ಟು ರುಚಿಯೆಂದು ತಿಂದವರಿಗೆ ಗೊತ್ತು. ಇಡೀ ಪಾತ್ರೆಯನ್ನು ಹೊತ್ತು ಹೊತ್ತಿಗೆ ಕಾಯಿಸುವ ಬದಲು ಬೇಕಾದಷ್ಟನ್ನು ಮಾತ್ರ ತೆಗೆದು ಗುಳ್ಳೆ ಬರುವಂತೆ ಕುದಿಸಿ. ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಫ್ರಿಜ್ಜಿನಲ್ಲೂ ಎರಡು ದಿನಕ್ಕಿಂತ ಹೆಚ್ಚು ನಂಬಿಕೆಗೆ ಯೋಗ್ಯವಲ್ಲ.

"ದೋಸೆ ಹಿಟ್ಟು ಹುಳಿ ಬಂದು ಹಲ್ಲು ಚುಳ್ ಅನ್ನುತ್ತದೆ. ಎಸೆಯುವುದೇ?"

ಬೇಡ. ಸ್ವಲ್ಪ ಅಕ್ಕಿಹಿಟ್ಟು ಅಥವಾ ರವೆ ಸೇರಿಸಿ ಹುಳಿಯನ್ನು ಹಂಚಿಬಿಡಿ. ನೀರುಳ್ಳಿ, ಹಸಿಮೆಣಸು, ಕರಿಬೇವು ಕೊಚ್ಚಿ ಹಾಕಿ ಗುಳಿಯಪ್ಪದ ಕಾವಲಿಗೆ ಎರೆಯಿರಿ. ಒಂದು ತುಂಡು ಬೆಲ್ಲ ಹುಳಿಯನ್ನು ಸಾಕಷ್ಟು ಮುಚ್ಚುತ್ತದೆ. ಆದರೆ ಹಿಟ್ಟಿನ ಮೇಲೆ ಗುಲಾಬಿ, ಕೇಸರಿ ಅಥವಾ ಕಪ್ಪು ಬಣ್ಣದ ಕಲೆ ಕಂಡರೆ ಅದು ಹುಳಿಯಲ್ಲ, ಬೂಷ್ಟು. ಅಂಥದ್ದಕ್ಕೆ ಯಾವ ಉಪಾಯವೂ ಇಲ್ಲ.

"ಮಜ್ಜಿಗೆ ಹುಳಿಯಾದರೆ ಮಕ್ಕಳು ಮುಟ್ಟುವುದಿಲ್ಲ."

ಮಕ್ಕಳಿಗೆ ಕುಡಿಸಬೇಡಿ, ಅಡುಗೆಗೆ ಬಳಸಿ. ನಮ್ಮ ಕಡೆಯ ಅರ್ಧ ಅಡುಗೆ ಹುಳಿ ಮಜ್ಜಿಗೆಯನ್ನು ನಂಬಿಕೊಂಡೇ ಹುಟ್ಟಿದೆ. ಸೌತೆ, ಬಸಳೆ, ಕೆಸುವಿನ ದಂಟು, ಬಾಳೆದಿಂಡು ಯಾವುದಿದ್ದರೂ ಕಾಯಿ ಅರೆದು ಮಜ್ಜಿಗೆ ಹಾಕಿದ ಮೇಲಾರವಾಗುತ್ತದೆ. ಒಂದು ಹಿಡಿ ಒಂದೆಲಗವೋ ನೆಲ್ಲಿಕಾಯಿಯೋ ಇದ್ದರೆ ತಂಬುಳಿ, ಅದಕ್ಕೆ ಒಲೆಯೂ ಬೇಡ. ಬೇಸಿಗೆಯಲ್ಲಿ ಹಸಿಮೆಣಸು ಅಗ್ಗವಾದಾಗ ಸೀಳಿ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗಿಟ್ಟು ರಾತ್ರಿ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತ ಅದು ಬತ್ತುವ ತನಕ ಮಾಡಿದರೆ ಬಾಳ್ಕ ಮೆಣಸು ಮಳೆಗಾಲಕ್ಕೆ ಸಿದ್ಧ.

## ಸಿಪ್ಪೆ, ತಿರುಳು, ಬೀಜ

"ಸಿಪ್ಪೆಯನ್ನೂ ತಿನ್ನಿ ಅಂದರೆ ಅತಿಯಾಯಿತಲ್ಲವಾ?"

ಅತಿಯಾಗುವುದು ಯಾರೂ ತಿನ್ನದ್ದನ್ನು ತಿನ್ನಿಸಲು ಹೊರಟಾಗ. ಹೀರೆಕಾಯಿಯ ಸಿಪ್ಪೆಯ ಚಟ್ನಿ ಹೀರೆಕಾಯಿಯ ಪಲ್ಯಕ್ಕಿಂತ ರುಚಿಯೆಂದು ವಾದಿಸುವವರಿದ್ದಾರೆ, ನಾನೂ ಆ ಪಕ್ಷವೇ. ಎಳೆಯ ಸಿಪ್ಪೆಯನ್ನು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಹಸಿ ವಾಸನೆ ಹೋಗಿ ಅಂಚು ಸುರುಟಿಕೊಳ್ಳುವವರೆಗೆ ಬಾಡಿಸಿ, ಹುರಿದ ಉದ್ದಿನಬೇಳೆ, ಎರಡು ಒಣಮೆಣಸು, ಗೋಲಿ ಗಾತ್ರದ ಹುಳಿ, ಉಪ್ಪು, ಒಂದು ಹಿಡಿ ತೆಂಗಿನ ತುರಿಯ ಜೊತೆ ತರಿತರಿಯಾಗಿ ಅರೆಯಬೇಕು. ನುಣ್ಣಗೆ ಅರೆದರೆ ನಾರು ಬಾಯಿಗೆ ಹತ್ತುವುದಿಲ್ಲ ನಿಜ, ಆದರೆ ರುಚಿಯೂ ಹೋಗುತ್ತದೆ.

ಇದೇ ಸಾಲಿನಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು, ಒಣಗಿಸಿಟ್ಟ ದಾಳಿಂಬೆ ಸಿಪ್ಪೆಯ ತಂಬುಳಿ, ನೇಂದ್ರ ಬಾಳೆಕಾಯಿಯ ಸಿಪ್ಪೆಗೆ ಅಲಸಂಡೆ ಬೀಜ ಸೇರಿಸಿದ ಪಲ್ಯ ಇವೆ. ಕಲ್ಲಂಗಡಿಯ ಕೆಂಪು ತಿರುಳಿಗೂ ಹಸುರು ಸಿಪ್ಪೆಗೂ ನಡುವಿನ ಬಿಳಿ ಭಾಗವನ್ನು ತುರಿದು ಅಕ್ಕಿಯ ಜೊತೆ ಅರೆದರೆ ದೋಸೆಯಾಗುತ್ತದೆ, ಹೋಳು ಮಾಡಿದರೆ ಸೌತೆಯ ಹಾಗೆ ಹುಳಿಗೂ ಆಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಹಿತ್ತಿಲಿನ ತರಕಾರಿಯ ಸಿಪ್ಪೆಗೆ ಅನುಮಾನ ಬೇಡ, ಪೇಟೆಯದನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹಸುರಾದ ಬಟಾಟೆಯ ಸಿಪ್ಪೆಯಲ್ಲಿ ಸೊಲನೈನ್ ಎಂಬ ವಿಷವಸ್ತು ಇರುವುದರಿಂದ ಅದನ್ನು ದಪ್ಪಗೆ ಕೆತ್ತಿ ಎಸೆಯುವುದೇ ಸರಿ.

"ಹಿತ್ತಿಲಲ್ಲಿ ಹಲಸು ಬಿದ್ದು ಕೊಳೆಯುತ್ತದೆ, ನಾವು ಪೇಟೆಯಿಂದ ತರಕಾರಿ ತರುತ್ತೇವೆ. ನಾಚಿಕೆಯಾಗುತ್ತದೆ, ಆದರೆ ಎಷ್ಟೂಂತ ತಿನ್ನುವುದು?"

ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಹಿತ್ತಿಲಲ್ಲಿ ಅದರ ಪಾಡು ಆ ನಂತರವೂ ಹೆಚ್ಚೇನೂ ಬದಲಾಗಿಲ್ಲ. ತಪ್ಪು ಇರುವುದು ಹಣ್ಣಾಗುವ ತನಕ ಕಾಯುವುದರಲ್ಲಿ. ಒಂದೇ ವಾರ ಹತ್ತು ಹಣ್ಣು ಬಿದ್ದರೆ ಯಾವ ಮನೆಯೂ ತಿಂದು ಮುಗಿಸಲಾರದು. ಎಳೆ ಗುಜ್ಜೆಯಿಂದಲೇ ಶುರುಮಾಡಬೇಕು: ಗುಜ್ಜೆಯ ಪಲ್ಯ, ಬೆಳೆದ ಕಾಯಿಯ ಹುಳಿ, ಬಲಿತ ಸೊಳೆಯ ಹಪ್ಪಳ ಮತ್ತು ಚಿಪ್ಸು, ಆಮೇಲೆ ಹಣ್ಣಿನ ಕೊಟ್ಟಿಗೆ (ಬಾಳೆಲೆಯಲ್ಲಿ ಬೇಯಿಸುವ ಕಡುಬು) ಮತ್ತು ಬೆಲ್ಲ ಹಾಕಿ ಕಾಯಿಸುವ ಬೆರಟಿ.

ಇವುಗಳ ನಡುವೆ ದುಡ್ಡಿನ ಲೆಕ್ಕದಲ್ಲಿ ನಿಜವಾಗಿ ಗೆಲ್ಲುವುದು ಉಪ್ಪು ಸೊಳೆ, ಏಕೆಂದರೆ ಅದಕ್ಕೆ ಎಣ್ಣೆ ಬೇಡ, ಬಿಸಿಲು ಬೇಡ, ಉಪ್ಪಿನ ಹೊರತು ಖರ್ಚಿಲ್ಲ. ಚೆನ್ನಾಗಿ ಬಲಿತ, ಆದರೆ ಹಣ್ಣಿನ ವಾಸನೆ ಇನ್ನೂ ಬಾರದ ಕಾಯಿಯನ್ನು ಆರಿಸಿ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಸೀಳಿ, ಮೇಣ ಒರೆಸಿ, ಸೊಳೆ ಬಿಡಿಸಿ ಬೀಜ ತೆಗೆಯಿರಿ. ಸೊಳೆಯನ್ನು ತೊಳೆಯಬಾರದು. ನಮ್ಮ ಮನೆಯ ಅಳತೆ ಐದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು. ಒಣಗಿದ ಭರಣಿಗೆ ಒಂದು ಪದರ ಸೊಳೆ, ಅದರ ಮೇಲೆ ಉಪ್ಪು, ಮತ್ತೆ ಸೊಳೆ ಎಂದು ಒತ್ತಿ ತುಂಬಿ, ಮೇಲೆ ಬಾಳೆಲೆ ಹಾಸಿ, ತೊಳೆದು ಒಣಗಿಸಿದ ಭಾರದ ಕಲ್ಲು ಹೇರಿ. ಎರಡು ಮೂರು ದಿನದಲ್ಲಿ ನೀರು ಬಿಟ್ಟು ಸೊಳೆ ಅದರಲ್ಲಿ ಮುಳುಗುತ್ತದೆ. ಮುಳುಗಲೇಬೇಕು, ನೀರಿನಿಂದ ಮೇಲೆ ಇಣುಕಿದ ಸೊಳೆಗೆ ಬೂಷ್ಟು ಹಿಡಿಯುತ್ತದೆ. ಒಂದು ವರ್ಷ ನಾನು ಕಲ್ಲು ಸಣ್ಣದಿಟ್ಟು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಭರಣಿಯ ಬಾಯಿ ಬಿಚ್ಚಿದಾಗ ಬಂದ ವಾಸನೆಗೆ ಮನೆಯವರೆಲ್ಲ ಹೊರಗೆ ಓಡಿದ್ದರು.

ಬಳಸುವ ಹಿಂದಿನ ರಾತ್ರಿ ನೀರಿನಲ್ಲಿ ಹಾಕಿ, ಎರಡು ಮೂರು ಸಲ ನೀರು ಬದಲಿಸಿದರೆ ಉಪ್ಪು ಇಳಿಯುತ್ತದೆ. ಆಮೇಲೆ ಪಲ್ಯ ಮಾಡಬಹುದು, ಅಕ್ಕಿಯೊಂದಿಗೆ ಅರೆದು ಬಾಳೆಲೆಯ ಮೇಲೆ ರೊಟ್ಟಿ ತಟ್ಟಬಹುದು, ಸಂಜೆಗೆ ಸಣ್ಣ ಸಣ್ಣ ಉಂಡೆ ಕಟ್ಟಿ ಉಂಡ್ಲಕಾಳು ಕರಿಯಬಹುದು. ತೆಗೆದಿಟ್ಟ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಬಿಸಿಲಲ್ಲಿ ಕಲ್ಲಿನಂತೆ ಒಣಗಿಸಿದರೆ ಸಾಂತಾಣಿ. ಮಳೆ ಹೊಯ್ಯುವ ಸಂಜೆ ಅಗಿಯಲು ಅದಕ್ಕಿಂತ ಅಗ್ಗದ ತಿಂಡಿ ನನಗೆ ಗೊತ್ತಿಲ್ಲ.

"ತೆಂಗಿನಕಾಯಿ ಈಗ ಚಿನ್ನ. ಹೇಗೆ ಉಳಿಸುವುದು?"

1916ರಷ್ಟು ಹಿಂದೆಯೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಊರು ಕಾಸರಗೋಡು. ಆ ಊರಿನವರೂ 2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದಾಗ ಬಾಟಲಿಯನ್ನು ನೋಡಿ ಮುಂದೆ ಹೋದದ್ದುಂಟು. ಒಡೆದ ಕಾಯಿಯ ಒಂದು ಹೋಳು ಉಳಿದರೆ ಒಳಬದಿಗೆ ಉಪ್ಪು ಸವರಿ ಕವುಚಿ ಫ್ರಿಜ್ಜಿನಲ್ಲಿಡಿ. ಇನ್ನೂ ಒಳ್ಳೆಯದು, ಒಡೆದ ದಿನವೇ ಪೂರ್ತಿ ತುರಿದು ಒಂದೊಂದು ಹಿಡಿಯ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡುವುದು. ಹಿಡಿ ಲೆಕ್ಕದಲ್ಲಿ ಕಟ್ಟಿಟ್ಟಾಗ ನಾವು ಎಷ್ಟು ಕಾಯಿ ಹಾಕುತ್ತೇವೆಂಬುದು ಮೊದಲ ಸಲ ಕಣ್ಣಿಗೆ ಬೀಳುತ್ತದೆ. ಹಾಲು ಹಿಂಡಿದ ಚರಟವನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು ಒಣಮೆಣಸು, ಹುಳಿ, ಉಪ್ಪಿನ ಜೊತೆ ಪುಡಿ ಮಾಡಿದರೆ ಗಂಜಿಗೆ ಚಟ್ನಿಪುಡಿ. ವಾರಕ್ಕೆ ಎರಡು ದಿನ ಕಾಯಿ ಇಲ್ಲದ ಅಡುಗೆ, ಬೋಳುಹುಳಿ, ಪುನರ್ಪುಳಿ (ಮುರುಗಲು) ಸಾರು, ತೊವ್ವೆ ಇಂಥವನ್ನು ನಿಶ್ಚಯಿಸಿಕೊಂಡರೆ ಯಾರಿಗೂ ಕೊರತೆ ಕಾಣುವುದಿಲ್ಲ.

## ಕಪಾಟು, ಡಬ್ಬ, ದಿನಾಂಕ

"ಅಕ್ಕಿ, ರವೆಗೆ ಹುಳು ಬಿದ್ದಿದೆ. ಬಳಸಬಹುದಾ?"

ಅಕ್ಕಿಯ ಹುಳು ವಿಷವಲ್ಲ. ಅಕ್ಕಿಯನ್ನು ಬಿಸಿಲಿಗೆ ಹರಡಿದರೆ ಹುಳು ತಾನೇ ಹೊರಡುತ್ತದೆ, ಆಮೇಲೆ ಗೇರಿ ತೊಳೆದು ಬಳಸಬಹುದು. ರವೆ, ಮೈದಾಗಳಲ್ಲಿ ಬಲೆ ಕಟ್ಟಿದ್ದರೆ ಮಾತ್ರ ಶುಚಿ ಮಾಡುವುದು ಸಾಧ್ಯವಿಲ್ಲ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು ಆರಿಸಿ ಡಬ್ಬಕ್ಕೆ ತುಂಬಿ. ಕಾಳು, ಹಿಟ್ಟುಗಳ ಸಣ್ಣ ಪೊಟ್ಟಣಗಳನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಕಣ್ಣಿಗೆ ಕಾಣದ ಮೊಟ್ಟೆಗಳೂ ಸಾಯುತ್ತವೆ. ಒಣಮೆಣಸು, ಬೇವಿನೆಲೆ ಹಾಕುವ ಕ್ರಮ ಒಳ್ಳೆಯದೇ, ಆದರೆ ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಬೇವೂ ಕಾಯುವುದಿಲ್ಲ.

"ದಿನಾಂಕ ಕಳೆದ ಪೊಟ್ಟಣ ಎಸೆಯಲೇಬೇಕಾ? ಅದರಲ್ಲಿ ಬರೆದದ್ದೆಲ್ಲ ಮಲಯಾಳದಲ್ಲಿದೆ."

ಮಲಯಾಳ ಓದಲು ಬಾರದಿದ್ದರೂ ಅಂಕಿ ಓದಬಹುದು, ಮತ್ತು ಆ ಅಂಕಿಯ ಪಕ್ಕ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ಮಾತು ಇರುತ್ತದೆ. 'ಬೆಸ್ಟ್ ಬಿಫೋರ್' ಎಂದಿದ್ದರೆ ಆ ದಿನದ ತನಕ ರುಚಿ, ಗರಿಮುರಿ ಚೆನ್ನಾಗಿರುತ್ತದೆ ಎಂದರ್ಥ. ಅದು ಕಳೆದ ಒಣ ಪದಾರ್ಥವನ್ನು ನೋಡಿ, ಮೂಸಿ, ಚೂರು ತಿಂದು ತೀರ್ಮಾನಿಸಬಹುದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಅದು ಸುರಕ್ಷತೆಯ ಗಡಿ, ಅಲ್ಲಿ ಚೌಕಾಸಿ ಬೇಡ. ಹಾಲು, ಮೀನು, ಮಾಂಸ, ಮಕ್ಕಳ ಆಹಾರದ ವಿಷಯದಲ್ಲಿ ಮೂಗನ್ನು ನಂಬಬೇಡಿ, ಕಾಯಿಲೆ ತರುವ ಸೂಕ್ಷ್ಮಾಣುಗಳಿಗೆಲ್ಲ ವಾಸನೆ ಇರುವುದಿಲ್ಲ.

"ಬೂಷ್ಟು ಬಂದ ಭಾಗ ಮಾತ್ರ ಕತ್ತರಿಸಿ ತೆಗೆದರೆ ಸಾಲದೇ?"

ಬ್ರೆಡ್ಡು, ಚಪಾತಿ, ಅನ್ನ, ಜಾಮ್, ಮೆತ್ತಗಿನ ಹಣ್ಣುಗಳಲ್ಲಿ ಸಾಲದು, ಏಕೆಂದರೆ ಬೇರು ಒಳಗೆ ಹರಡಿರುತ್ತದೆ. ಗಟ್ಟಿಯಾದ ಕ್ಯಾರೆಟ್, ಕ್ಯಾಬೇಜುಗಳಲ್ಲಿ ಒಂದಿಂಚು ದಪ್ಪಕ್ಕೆ ಕತ್ತರಿಸಿ ತೆಗೆಯಬಹುದು. ನೆಲಗಡಲೆ, ಕೊಬ್ಬರಿ, ಜೋಳದಲ್ಲಿ ಬೂಷ್ಟು ಕಂಡರೆ ಒಂದು ಕಾಳನ್ನೂ ಉಳಿಸಬೇಡಿ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿಕರ, ಹುರಿದರೂ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಅಟ್ಟದಲ್ಲಿ ಕಪ್ಪಾದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ, ಅದನ್ನು ಅಲ್ಲಿಗೇ ಬಿಡಿ.

"ಹಪ್ಪಳ ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?"

ತಣಿದ ಮೇಲೆ ಸೋಸಿಟ್ಟು ಎರಡು ಮೂರು ದಿನದೊಳಗೆ ಒಗ್ಗರಣೆಗೆ, ಪಲ್ಯಕ್ಕೆ ಮುಗಿಸುವುದು ಉತ್ತಮ. ನೊರೆ ಬರುವ, ಬಣ್ಣ ಕಡುವಾದ, ಅಂಟಾದ ಎಣ್ಣೆಯನ್ನು ಬಳಸಬಾರದು. ಕಡಿಮೆ ಎಣ್ಣೆಯಿಟ್ಟು ಸಣ್ಣ ಬಾಣಲೆಯಲ್ಲಿ ಕರಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

## ರೂಢಿಯಾದವರ ಪ್ರಶ್ನೆಗಳು

"ರೇಷನ್ ಅಕ್ಕಿ ಇದೆ, ಆದರೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹೊರಗಿಂದ ಬೇರೆ ಅಕ್ಕಿ ತರುತ್ತೇವೆ."

ಕಾರ್ಡು ಹಳದಿಯೋ ಗುಲಾಬಿಯೋ ನೀಲಿಯೋ ಬಿಳಿಯೋ, ತಂದ ಅಕ್ಕಿ ಮೂಲೆ ಸೇರಿದರೆ ಅದು ಉಳಿತಾಯವಲ್ಲ. ಊಟದ ಅನ್ನಕ್ಕೆ ಒಗ್ಗದಿದ್ದರೆ ಅರೆಯುವ ಕೆಲಸಕ್ಕೆಲ್ಲ ಅದನ್ನೇ ಬಳಸಿ. ದೋಸೆ, ತೆಳ್ಳವು, ರೊಟ್ಟಿ, ಕೊಟ್ಟಿಗೆ, ಪತ್ರೊಡೆ ಇವುಗಳಲ್ಲಿ ಬೆಳ್ತಿಗೆ ಅಕ್ಕಿಯ ಜಾತಿ ಯಾರಿಗೂ ತಿಳಿಯುವುದಿಲ್ಲ. ಬೆಳಗಿನ ತಿಂಡಿಯಲ್ಲೇ ಒಂದು ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಹೋಗುತ್ತದೆಂದು ಒಮ್ಮೆ ಪಾವಿನಲ್ಲಿ ಅಳೆದು ನೋಡಿ, ಊಟಕ್ಕೆ ಪೇಟೆಯ ಅಕ್ಕಿ ತಂದರೂ ನಷ್ಟವಾಗದು.

"ಎರಡು ಕೊಂಡರೆ ಒಂದು ಉಚಿತ ಅಂದಾಗ ತರುವುದು ತಪ್ಪೇ?"

ಸಾಬೂನು, ಉಪ್ಪು, ಬೆಂಕಿಪೊಟ್ಟಣವಾದರೆ ತನ್ನಿ. ಬಿಸ್ಕೆಟು, ನೂಡಲ್ಸು ಹೆಚ್ಚು ತಂದರೆ ಹೆಚ್ಚೇ ಖರ್ಚಾಗುತ್ತದೆ, ಉಳಿಯುವುದಿಲ್ಲ. ಕೇರಳ ಸರಕಾರದ ಅಂಗಡಿಯಾದ ಸಪ್ಲೈಕೋದಲ್ಲಿ ಸಬ್ಸಿಡಿ ಬೆಲೆಯ ಬೇಳೆ ಸಿಕ್ಕಿದಾಗಲೂ ಮನೆಯ ಡಬ್ಬ ನೋಡಿಯೇ ತನ್ನಿ.

"ಪುನಃ ಅದೇನಾ ಎಂದು ಮಕ್ಕಳೂ ಯಜಮಾನರೂ ಮುಖ ಸಿಂಡರಿಸುತ್ತಾರೆ."

ಹಳೆಯದನ್ನು ಹಳೆಯ ರೂಪದಲ್ಲಿ ಬಡಿಸಿದರೆ ಯಾರೂ ಒಪ್ಪುವುದಿಲ್ಲ. ನಿನ್ನೆಯ ಅಲಸಂಡೆ ಪಲ್ಯವನ್ನು ಇಂದು ಪಲ್ಯವೆಂದು ಬಡಿಸುವ ಬದಲು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದರೆ ಅದು ಹೊಸ ತಿಂಡಿ. ಒಗ್ಗರಣೆಯನ್ನು ಹೊಸದಾಗಿ ಕೊಟ್ಟರೂ ಅರ್ಧ ಕೆಲಸವಾಯಿತು. ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: ಅನೇಕ ಮನೆಗಳಲ್ಲಿ ಉಳಿದದ್ದನ್ನು ಮುಗಿಸುವ ಕೆಲಸ ಹೆಂಗಸಿನ ತಟ್ಟೆಗೇ ಬೀಳುತ್ತದೆ, ಬಿಸಿ ದೋಸೆ ಉಳಿದವರಿಗೆ. ಅದು ಉಳಿತಾಯವಲ್ಲ, ಒಬ್ಬರ ಮೇಲೆ ಹೇರಿದ ವ್ರತ. ನಮ್ಮ ಮನೆಯಲ್ಲಿ ಶುಕ್ರವಾರ ರಾತ್ರಿ ಫ್ರಿಜ್ಜಿನಲ್ಲಿರುವುದೆಲ್ಲ ಮೇಜಿಗೆ ಬರುತ್ತದೆ, ಎಲ್ಲರೂ ಅದರಿಂದಲೇ ಉಣ್ಣುತ್ತಾರೆ, ಯಜಮಾನರೂ ಸೇರಿ.

"ಆಟಿಯಲ್ಲಿ ತರಕಾರಿಗೆ ಬೆಂಕಿಬೆಲೆ. ಆಗ ಏನು ಮಾಡುವುದು?"

ಆಟಿಗೆ ಮಾರ್ಚ್ ತಿಂಗಳಲ್ಲೇ ಸಿದ್ಧತೆಯಾಗಬೇಕು. ಸಂಡಿಗೆ, ಹಪ್ಪಳ, ಬಾಳ್ಕ ಮೆಣಸು, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಒಣಗಿಸಿದ ಪುನರ್ಪುಳಿ, ಮೀನು ತಿನ್ನುವವರ ಮನೆಯ ಒಣಮೀನು ಇವೆಲ್ಲ ಹುಟ್ಟಿದ್ದೇ ಕೆಲಸವಿಲ್ಲದ, ಕೈಯಲ್ಲಿ ಕಾಸಿಲ್ಲದ ಆ ತಿಂಗಳಿಗಾಗಿ. ಸಿದ್ಧತೆ ತಪ್ಪಿದವರಿಗೆ ಹಿತ್ತಿಲು ಇದೆ: ಕೆಸುವಿನ ಎಲೆ, ಚಗತೆ (ತಗಚೆ) ಸೊಪ್ಪು, ಕಣಿಲೆ (ಎಳೆ ಬಿದಿರಿನ ಮೊಳಕೆ), ಬಾಳೆಯ ಕುಂಡಿಗೆ (ಹೂ) ಮತ್ತು ದಿಂಡು. ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ಹಾಕಿ ಮೂರು ದಿನ ನೀರು ಬದಲಿಸುತ್ತ ಇಟ್ಟು, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಹಸಿ ಕಣಿಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ. ಕೆಸುವಿಗೆ ಧಾರಾಳ ಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ.

"ಜಂಬಾರದ (ಸಮಾರಂಭದ) ಮನೆಯಲ್ಲಿ ರಾಶಿ ಉಳಿಯುತ್ತದೆ. ಹಂಚಿಕೊಂಡು ಹೋಗಲು ಕೆಲವರಿಗೆ ನಾಚಿಕೆ."

ಕೊಡುವವರು ಪಂಕ್ತಿ ಏಳುವ ಮೊದಲೇ ಪಾತ್ರೆ ಸಿದ್ಧಮಾಡಿ ಕೊಟ್ಟರೆ ಒಯ್ಯುವವರಿಗೆ ನಾಚಿಕೆಯಿಲ್ಲ, ಸಂಜೆ ನಾಲ್ಕಕ್ಕೆ ಕೊಟ್ಟರೆ ನಾಚಿಕೆಯೂ ಇದೆ, ಅಪಾಯವೂ ಇದೆ. ಸಾರು, ಸಿಹಿ, ಉಪ್ಪಿನಕಾಯಿ ಒಯ್ಯಬಹುದು. ಬೆಳಿಗ್ಗೆ ಎಂಟಕ್ಕೆ ಕಡೆದ ಕಾಯಿಯ ಮಜ್ಜಿಗೆಹುಳಿಯನ್ನೂ ಮೊಸರು ಬೆರೆಸಿದ ಹಸಿಯನ್ನೂ (ಪಚಡಿ) ಮಧ್ಯಾಹ್ನದ ನಂತರ ಮನೆಗೆ ತರಬೇಡಿ.

"ಇಷ್ಟೆಲ್ಲ ಮಾಡಿದ ಮೇಲೂ ಉಳಿದು ಹಾಳಾದದ್ದನ್ನು ದನಕ್ಕೆ ಹಾಕಬಹುದಲ್ಲ?"

ತರಕಾರಿ ಸಿಪ್ಪೆ, ಹಲಸಿನ ರಚ್ಚೆ, ಅಕ್ಕಿ ತೊಳೆದ ಅಕ್ಕಚ್ಚು, ಮಿತಿಯಲ್ಲಿ ಅನ್ನ ಹಾಕಬಹುದು. ಅನ್ನ ಹೆಚ್ಚಾದರೆ ದನದ ಹೊಟ್ಟೆಯಲ್ಲಿ ಹುಳಿ ಏರಿ ಮೇವು ಬಿಡುತ್ತದೆ, ಜಂಬಾರದ ಮರುದಿನ ಪಶುವೈದ್ಯರಿಗೆ ಕರೆ ಹೋಗುವುದು ಹೆಚ್ಚಾಗಿ ಇದರಿಂದಲೇ. ಬೂಷ್ಟು ಬಂದ ಹಿಂಡಿ, ಕಾಳು, ಕೊಬ್ಬರಿಯನ್ನು ದನಕ್ಕೂ ಹಾಕಬಾರದು, ಏಕೆಂದರೆ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿನಲ್ಲಿ ಇಳಿದು ನಮ್ಮ ಕಾಫಿ ಲೋಟಕ್ಕೇ ಹಿಂತಿರುಗುತ್ತದೆ. ಅಂಥದ್ದನ್ನು ತೆಂಗಿನ ಬುಡದಲ್ಲಿ ಒಂದು ಅಡಿ ಆಳಕ್ಕೆ ಹೂತು ಮಣ್ಣು ಮುಚ್ಚಿ.